ನಾಲ್ಕನೇ ಕ್ಯಾಮೆರಾ

ಮುನಿವೆಂಕಟಮ್ಮನನ್ನು ಮಣ್ಣು ಮಾಡಿದ ಇಪ್ಪತ್ತೊಂದನೇ ದಿನ ಕಾಲೋನಿಯವರ ಮಸಣಕ್ಕೆ ತಂತಿಬೇಲಿ ಬಿತ್ತು. ಕೆರೆಯಂಚಿನ ಎರಡು ಎಕರೆ ಹತ್ತು ಗುಂಟೆ. ಬೆಳಿಗ್ಗೆ ಕಂಪನಿಯ ಜೆಸಿಬಿ ಬಂತು, ಊಟದ ಹೊತ್ತಿಗೆ ಕಂಬಗಳು ನಿಂತವು, ಸಂಜೆಗೆ ಗೇಟಿನ ಮೇಲೆ ಹಸಿರು ಬೋರ್ಡು ಬಂತು: 'ವನ್ಯಜೀವಿ ತಾಣ. ಅಪ್ಪಣೆಯಿಲ್ಲದೆ ಒಳಗೆ ಬರಬಾರದು.'

ಮುನಿವೆಂಕಟಮ್ಮನ ಗಂಡ ಮುನಿರಾಜಪ್ಪ ಆ ಬೋರ್ಡಿನ ಮುಂದೆ ಮೂರು ದಿನ ಹೋಗಿ ನಿಂತ. ನಾಲ್ಕನೇ ದಿನ, ಒಳಗಿನ ಕೆಲಸಕ್ಕೆ ಕಂಪನಿಯವರು ಜಾಗ ಬಲ್ಲ ಒಬ್ಬ ಆಳನ್ನು ಹುಡುಕುತ್ತಿದ್ದಾರೆಂದು ಕೇಳಿ, ತಾನೇ ಹೋಗಿ ಕೆಲಸಕ್ಕೆ ಸೇರಿಕೊಂಡ. ಹೆಂಡತಿಯನ್ನು ಹೂತ ಗುಡ್ಡೆ ನೋಡಬೇಕೆಂದರೆ ಬೇರೆ ಬಾಗಿಲು ಉಳಿದಿರಲಿಲ್ಲ. ಕಾಲೋನಿಗೆ ಅವನು ಇದನ್ನು ಬಿಡಿಸಿ ಹೇಳಲಿಲ್ಲ. ಹೇಳಿದ್ದರೂ, ಕಳ್ಳನ ಮನೆಗೆ ಕಾವಲಿಗೆ ಹೋದವನ ಮಾತನ್ನು ಯಾರು ಕೇಳುತ್ತಿದ್ದರು?

ಕೆ.ಆರ್. ಪುರಂ ದಾಟಿ, ಹಳೇ ಮದರಾಸು ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ಕೆರೆ. ಕೆರೆಯ ಈಚೆ ಕಾಲೋನಿ, ಆಚೆ ಕಂಪನಿಯ ಲೇಔಟು, ನಡುವೆ ಮಸಣ. ವಿಲ್ಲಾ ಕೊಳ್ಳುವವರಿಗೆ ಬಾಲ್ಕನಿಯಲ್ಲಿ ಕಾಫಿ ಹೀರುತ್ತಾ ನೋಡುವುದಕ್ಕೊಂದು ಕಾಡು ಬೇಕಿತ್ತು. ಸುತ್ತಮುತ್ತ ಇದ್ದಬದ್ದ ಕುರುಚಲನ್ನೆಲ್ಲ ಬೋಳಿಸಿ ಸೈಟು ಮಾಡಿದವರು ಕಂಪನಿಯವರೇ. ಆದರೆ ಸತ್ತವರ ತಲೆಯ ಮೇಲೆ ಯಾರೂ ಗುದ್ದಲಿ ಹಾಕಿರಲಿಲ್ಲವಾಗಿ ಮಸಣವೊಂದು ಮಾತ್ರ ಉಳಿದಿತ್ತು. ಅಲ್ಲಿ ಹೊಂಗೆ ಬೆಳೆದಿತ್ತು, ಕಾರೆ ಬೆಳೆದಿತ್ತು. ಮೊಲ, ಮುಂಗುಸಿ, ಪುನುಗು ಬೆಕ್ಕು, ನರಿ, ಎಲ್ಲವೂ ಹೊಲಗಳಿಂದ ಒಕ್ಕಲೆದ್ದು ಬಂದು ಅಲ್ಲೇ ಸೇರಿಕೊಂಡಿದ್ದವು. ಬದುಕಿದ್ದಾಗ ಊರು ಒಳಕ್ಕೆ ಬಿಟ್ಟುಕೊಳ್ಳದಿದ್ದ ಜನ ಸತ್ತ ಮೇಲೆ ಕಾಪಾಡಿಕೊಂಡು ಬಂದ ಕಾಡು ಅದು. ಕಂಪನಿಯವರು ಅದಕ್ಕೆ ಬೋರ್ಡು ಬರೆಸಿ ತಮ್ಮದೆಂದರು.

ಮುನಿರಾಜಪ್ಪನ ಮನೆತನ ನೀರುಗಂಟಿಗಳದು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರೆಂದು ಬಿಡುತ್ತಿದ್ದವರು. ಗದ್ದೆಗಳು ಹೋದ ಮೇಲೆ ಅವನು ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗಳ ಗೇಟು ಕಾದ. ಮುನಿವೆಂಕಟಮ್ಮ ಅಲ್ಲೇ ಗಾರ್ಮೆಂಟ್ಸಿನಲ್ಲಿ ಹೆಲ್ಪರ್ ಆಗಿದ್ದಳು. ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದರು. ಮಕ್ಕಳಾಗಲಿಲ್ಲ. ಅವಳು ಹೋದ ಮೇಲೆ ಮನೆಯಲ್ಲಿ ಮಾತು ಅನ್ನುವುದೇ ನಿಂತುಹೋಯಿತು. ಒಲೆಯ ಮೇಲಿನ ಪಾತ್ರೆಗೆ, ಗೋಡೆಯ ಗಡಿಯಾರಕ್ಕೆ ಎಷ್ಟು ದಿನ ಅಂತ ಮಾತಾಡಿಯಾನು?

ಅವನ ಕೆಲಸ ಆರು ಕ್ಯಾಮೆರಾಗಳನ್ನು ನೋಡಿಕೊಳ್ಳುವುದು. ಅಂಗೈ ಅಗಲದ ಪೆಟ್ಟಿಗೆಗಳು, ಮರದ ಬೊಡ್ಡೆಗೆ ಮೊಣಕಾಲೆತ್ತರದಲ್ಲಿ ಪಟ್ಟಿ ಬಿಗಿದು ಕಟ್ಟುವಂಥವು. ಮುಂದೆ ಬಿಸಿ ಮೈಯೊಂದು ಅಲ್ಲಾಡಿದರೆ ಸಾಕು, ಯಾರೂ ಒತ್ತದೆ ತಾವೇ ಮೂರು ಫೋಟೋ ಹೊಡೆದುಕೊಳ್ಳುತ್ತವೆ. ಹಗಲೂ ಹೊಡೆಯುತ್ತವೆ, ಕತ್ತಲಲ್ಲೂ ಹೊಡೆಯುತ್ತವೆ. ಫೋಟೋದ ಕೆಳಗೆ ತಾರೀಕು, ಗಂಟೆ, ಆವತ್ತಿನ ಚಂದ್ರನ ಗುರುತು. ಕಂಪನಿಯ ಕಡೆಯಿಂದ ಇದನ್ನೆಲ್ಲ ಕಲಿಸಿದವಳು ಧನುಶ್ರೀ, ಪ್ರಾಣಿಗಳ ಓದು ಓದಿಕೊಂಡು ಬಂದಿದ್ದ ಹುಡುಗಿ.

"ಪ್ರಾಣಿ ಓಡಾಡೋ ದಾರಿ ನಿಮಗೇ ಗೊತ್ತಿರೋದು ಅಂಕಲ್. ಎಲ್ಲೆಲ್ಲಿ ಕಟ್ಟೋಣ ಹೇಳಿ" ಎಂದಿದ್ದಳು.

ಐದು ಕ್ಯಾಮೆರಾಗಳಿಗೆ ಅವನು ನಿಯತ್ತಾಗಿ ದಾರಿ ತೋರಿಸಿದ. ನಾಲ್ಕನೆಯದಕ್ಕೆ ಬಂದಾಗ ಒಂದು ಹೊಂಗೆಮರ ತೋರಿಸಿ, "ಇದಕ್ಕೆ ಕಟ್ಟಿ ತಾಯಿ, ಇಲ್ಲಿ ಬತ್ತವೆ" ಅಂದ. ಅಲ್ಲಿ ಯಾವ ಪ್ರಾಣಿಯೂ ಬರುತ್ತಿರಲಿಲ್ಲ. ಆ ಮರದ ಎದುರಿಗೆ ಮುನಿವೆಂಕಟಮ್ಮ ಇದ್ದಳು.

"ಇನ್ನೊಂದು ಮಾತು ಅಂಕಲ್. ಅನ್ನಗಿನ್ನ ಇಟ್ಟು ಕರೀಬಾರ್ದು. ಆಸೆ ತೋರ್ಸಿ ತೆಗೆದ ಫೋಟೋ ನಿಜವಾದ ಫೋಟೋ ಅಲ್ಲ."

ಅವನು ತಲೆಯಾಡಿಸಿದ. ತಲೆಯಾಡಿಸಿದ ವಾರದಲ್ಲೇ ಅಮಾವಾಸ್ಯೆ ಬಂತು. ಮುದ್ದೆ, ಕೋಳಿ ಸಾರು, ಎರಡು ವೀಳ್ಯದೆಲೆ ತಂದು ಗುಡ್ಡೆಯ ಆಚೆ ಮಗ್ಗುಲಿಗೆ, ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಎಡೆ ಇಟ್ಟ. ಎಡೆಯನ್ನು ಕಾಗೆ ಮುಟ್ಟಬೇಕು. ಮುಟ್ಟಿದರೆ ಸತ್ತವರು ಉಂಡರು, ಮುಟ್ಟದಿದ್ದರೆ ಸಿಟ್ಟಾಗಿದ್ದಾರೆ. ಗೇಟು ಹಾಕುವ ಹೊತ್ತಿನವರೆಗೂ ಕಾದ. ಒಂದು ಕಾಗೆಯೂ ಬರಲಿಲ್ಲ. 'ನನ್ ಮ್ಯಾಲೆ ಸಿಟ್ಟೇನಮ್ಮಿ?' ಎಂದು ಕೇಳಿಕೊಂಡು ಮನೆಗೆ ಹೋಗಿ ಅವನೂ ಉಣ್ಣದೆ ಮಲಗಿದ.

ವಾರದ ಕೊನೆಗೆ ಕಾರ್ಡನ್ನು ಆಫೀಸಿನ ಕಂಪ್ಯೂಟರಿಗೆ ಹಾಕಿ ನೋಡಿದರೆ, ಚಂದ್ರನಿಲ್ಲದ ಕಪ್ಪು ಬೊಟ್ಟಿನ ಮೇಲೆ ಒಂದು ನರಿ. ಬಲಗಿವಿ ಹರಿದುಹೋಗಿದ್ದ ಹೆಣ್ಣು ನರಿ, ಬಾಯಲ್ಲಿ ಕೋಳಿಯ ಕಾಲು, ನೇರ ಅವನನ್ನೇ ನೋಡುತ್ತಿತ್ತು. ಮುನಿರಾಜಪ್ಪ ಸುಮಾರು ಹೊತ್ತು ಅದರ ಮುಂದೆ ಕೂತಿದ್ದ. "ನೀನಾದ್ರೂ ತಿಂದ್ಯಲ್ಲ" ಅಂದ.

ಅಲ್ಲಿಂದಾಚೆ ತಿಂಗಳಿಗೊಂದು ಸಲ ನರಿ ತಪ್ಪದೆ ಬಂತು. ಕಂಪನಿಯವರು ಅದಕ್ಕೆ ರೋಜಿ ಅಂತ ಹೆಸರಿಟ್ಟು, ಲೇಔಟಿನ ಬಾಗಿಲಲ್ಲಿ ಆಳೆತ್ತರದ ಫೋಟೋ ಹಾಕಿದರು. ಅದೇ ನೆಲದೊಳಗೆ ಮಲಗಿದ್ದ ನೂರಾರು ಜನಕ್ಕೆ ಹೆಸರಿರಲಿಲ್ಲ.

ಕೆಲಸಕ್ಕೆ ಸೇರಿದ ಮೊದಲನೇ ತಿಂಗಳಲ್ಲೇ ಮುನಿರಾಜಪ್ಪನ ಕೈಯಿಂದ ಒಂದು ತಪ್ಪಾಗಿತ್ತು. ಒಂದು ವಾರ ಕಾರ್ಡಿನಲ್ಲಿ ಏನಿದೆಯೆಂದು ನೋಡದೆ ಹಾಗೇ ತಂದು ಕೊಟ್ಟುಬಿಟ್ಟಿದ್ದ. ಪಕ್ಕದ ಬೀದಿಯ ಜಯಮಾಲಾ, ಗಂಡನ ವರ್ಷದ ದಿನ ಬೇಲಿ ನುಸುಳಿ ಬಂದು ಗುಡ್ಡೆಗೆ ಹಾಲು ಎರೆಯುತ್ತಿದ್ದುದು ಅದರಲ್ಲಿತ್ತು. ಕಂಪನಿಯ ಮ್ಯಾನೇಜರ್ ಶ್ರೀನಾಥ್ ಅದನ್ನು ಪ್ರಿಂಟು ಹಾಕಿಸಿ ಪೊಲೀಸರಿಗೆ ಕೊಟ್ಟ. ಕೈಯಲ್ಲಿ ಹಾಲಿನ ಲೋಟ ಹಿಡಿದ ಹೆಂಗಸನ್ನು ಅತಿಕ್ರಮ ಪ್ರವೇಶ ಅಂತ ಕರೆಸಿ ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಬೆಂಚಿನ ಮೇಲೆ ಕೂರಿಸಿದರು. ಫೋಟೋ ಎಲ್ಲಿಂದ ಬಂತು, ಯಾರು ತಂದುಕೊಟ್ಟರು ಅನ್ನುವುದು ಕಾಲೋನಿಗೆ ತಿಳಿಯಲು ಒಂದು ದಿನವೂ ಬೇಕಾಗಲಿಲ್ಲ.

ಆಮೇಲೆ ಅವನು ಶ್ರೀನಾಥನ ಹತ್ತಿರ ಹೋಗಿ ಕೈಕಟ್ಟಿ ನಿಂತು ಹೇಳಿದ: "ಸಾರ್, ಗಾಳಿಗೆ ಹುಲ್ಲು ಅಲ್ಲಾಡಿದ್ರೂ ಫೋಟೋ ಬೀಳ್ತವೆ. ಸುಮ್ನೆ ತುಂಬ್ಕೊತವೆ. ಕಸ ಎಲ್ಲ ನಾನೇ ತೆಗ್ದು ಕ್ಲೀನ್ ಮಾಡಿ ಕೊಡ್ತೀನಿ." ಶ್ರೀನಾಥನಿಗೆ ಖುಷಿಯಾಯಿತು. ಕಂಪ್ಯೂಟರಿನಲ್ಲಿ ಹೇಗೆ ಅಳಿಸಬೇಕೆಂದು ಧನುಶ್ರೀ ಹೇಳಿಕೊಟ್ಟಳು.

ಅಂದಿನಿಂದ ಮೂರು ವರ್ಷ, ಪ್ರತಿ ಗುರುವಾರ, ಮುನಿರಾಜಪ್ಪ ಆರು ಕಾರ್ಡುಗಳನ್ನು ಹೆಂಡತಿಯ ಎಲೆಅಡಿಕೆ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗರುಡಾಚಾರ್‌ಪಾಳ್ಯದ ಆಫೀಸಿಗೆ ಹೋಗುತ್ತಿದ್ದ. ಮೂಲೆಯ ಕಂಪ್ಯೂಟರಿಗೆ ಕೂತು ಮನುಷ್ಯರನ್ನು ಅಳಿಸುತ್ತಿದ್ದ. ಕ್ಯಾಮೆರಾ ಮೊಣಕಾಲೆತ್ತರದಲ್ಲಿದ್ದುದರಿಂದ ಹೆಚ್ಚಾಗಿ ಕಾಲುಗಳೇ ಬೀಳುತ್ತಿದ್ದವು. ಕಾಲೋನಿಯಲ್ಲಿ ಯಾರೂ ಅವನಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಆದರೆ ಎಲ್ಲರ ಕಾಲು ಅವನಿಗೆ ಗೊತ್ತಿತ್ತು. ಬೆಳ್ಳಿ ಕಾಲುಂಗುರ ಸವೆದು ತಂತಿಯಾಗಿದ್ದುದು ಜಯಮಾಲಾ. ಹಿಮ್ಮಡಿ ಒಡೆದು ಸೀಳಿದ್ದುದು ಕೆಂಪರಾಜ್. ಸಾಕ್ಸ್ ಕಳಚಿ ಶೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತದ್ದು ಜಯಮಾಲಾಳ ಮಗಳು ಯಮುನಾ. ಯಮುನಾ ಎಡೆ ಇಡುವವಳಲ್ಲ, ಬುದ್ಧನ ಫೋಟೋ ಇಟ್ಟುಕೊಂಡವಳು. ಅಪ್ಪನ ತಲೆಯ ಕಡೆ ಒಂದು ಮೇಣದ ಬತ್ತಿ ಹಚ್ಚಿ ಹೋಗುತ್ತಿದ್ದಳು. ಹೋದ ವರ್ಷ ಕೆಂಪರಾಜನ ಕಾಲಿನ ಜೊತೆಗೆ ಒಂದು ಊರುಗೋಲು ಬಂತು. ಓಹೋ, ಇವನಿಗೂ ಮಂಡಿ ಹೋಯಿತಾ ಎಂದುಕೊಂಡ ಮುನಿರಾಜಪ್ಪ, ಅಳಿಸಿದ. ಯಾರಿಗೆ ವಯಸ್ಸಾಯಿತು, ಯಾರು ಬಸುರಿಯಾಗಿ ಕಾಲು ಊದಿಸಿಕೊಂಡರು, ಎಲ್ಲ ಹಾಗೆಯೇ ತಿಳಿಯುತ್ತಿತ್ತು. ನೋಡುವುದು, ಅಳಿಸುವುದು.

ಅವರೆಲ್ಲ ಬರುತ್ತಿದ್ದುದು ತೂಬಿನ ಹಳೇ ಕಾಲುವೆ ಬೇಲಿಯಡಿ ಹಾಯುವಲ್ಲಿದ್ದ ಕಂಡಿಯಿಂದ. ಅದನ್ನು ಮುಚ್ಚು ಅಂತ ಶ್ರೀನಾಥ್ ಎರಡು ಸಲ ಹೇಳಿದ್ದ. "ಅದು ನರಿ ಬರೋ ದಾರಿ ಸಾರ್. ಮುಚ್ಚಿದ್ರೆ ನಿಮ್ ರೋಜಿ ಬರಲ್ಲ ನೋಡಿ" ಅಂದಿದ್ದ ಮುನಿರಾಜಪ್ಪ. ಕಂಡಿ ಉಳಿಯಿತು.

ಈ ಗುರುವಾರ ಸಂಚಿ ಸಿಕ್ಕಿಸಿಕೊಂಡು ಬಸ್ ಸ್ಟಾಪಿಗೆ ಬಂದಾಗ ಟೀ ಅಂಗಡಿಯ ಮುಂದಿದ್ದ ನಾಲ್ಕೈದು ಜನ ಎಂದಿನಂತೆ ಮಾತು ನಿಲ್ಲಿಸಿದರು. ಯಮುನಾ ಮಾತ್ರ ನಿಲ್ಲಿಸಲಿಲ್ಲ. ಇಂದಿರಾನಗರದ ಬಟ್ಟೆ ಅಂಗಡಿಗೆ ಹೊರಟಿದ್ದಳು, ಹೆಗಲಲ್ಲಿ ಚೀಲ. ಭಾನುವಾರಗಳಂದು ಅಂಬೇಡ್ಕರ್ ಭವನದಲ್ಲಿ ಹತ್ತಾರು ಜನರನ್ನು ಕೂರಿಸಿಕೊಂಡು ಪುಸ್ತಕ ಓದಿಸುತ್ತಿದ್ದವಳು ಅವಳೇ. ಹಿಂದೊಂದು ಕಾಲದಲ್ಲಿ ಮುನಿರಾಜಪ್ಪ ಅಲ್ಲಿ ಕೊನೇ ಚಾಪೆಯ ಮೇಲೆ ಕೂತು ಕೇಳುತ್ತಿದ್ದ.

"ಏನ್ ದೊಡ್ಡಪ್ಪ, ರೋಜಿ ಚೆನ್ನಾಗವ್ಳಾ? ಬಸುರಿ ಗಿಸುರಿ ಆದ್ರೆ ಹೇಳಿ, ಮಡ್ಲಕ್ಕಿ ತತ್ತೀವಿ."

ಜನ ಕಿಸಕ್ಕೆಂದರು. ಮುನಿರಾಜಪ್ಪ ಬಸ್ಸು ಬರುವ ಕಡೆ ನೋಡಿದ.

"ಸೋಮವಾರ ಸರ್ವೆಯವ್ರು ಬತ್ತಾರೆ, ಗೊತ್ತಲ್ಲ?" ಯಮುನಾಳ ದನಿ ಬದಲಾಯಿತು. "ಅದು ಮಸಣಾನೋ ಕಾಡೋ ಅಂತ ಬರ್ಕೊಂಡ್ ಹೋಗ್ತಾರೆ. ಅಲ್ಲಿಗೆ ಮುಗೀತು. ನಮ್ ಹತ್ರ ಕಾಗ್ದ ಇಲ್ಲ. ಹೂತಿದ್ದಕ್ಕೆ ರಸೀದಿ ಕೊಡೋರು ಯಾರು? ನಾವು ಬಾಯಲ್ಲಿ ಹೇಳಿದ್ರೆ ಸುಳ್ಳು ಅಂತಾರೆ. ಒಳಗಿರೋರು ಒಬ್ರು ಬಂದು ಹೌದು ಅಂದ್ರೆ ಸಾಕು."

"ಕೆಲ್ಸಕ್ಕೆ ಹೊತ್ತಾಯ್ತದೆ ಕಣಮ್ಮ."

"ಹೋಗಿ. ಅವತ್ತು ನಮ್ಮವ್ವನ್ ಫೋಟೋ ಕೊಟ್ಟು ಬಂದ್ರಲ್ಲ, ಹಂಗೇ ದೊಡ್ಡಮ್ಮನ್ನೂ ಕೊಟ್ ಬನ್ನಿ."

ಬಸ್ಸಿನಲ್ಲಿ ಕಿಟಕಿಯ ಕಡೆ ಸೀಟು ಸಿಕ್ಕಿತು. ಪಕ್ಕದ ಸೀಟು ಮುನಿವೆಂಕಟಮ್ಮನದು. ಅಲ್ಲಿ ಯಾರೋ ಲ್ಯಾಪ್‌ಟಾಪ್ ಚೀಲದವನು ಕೂತ. ಅಳಿಸಿದ್ದೆಲ್ಲ ನಿಮಗೋಸ್ಕರ ಕಣ್ರೇ ಎಂದು ಹೇಳಬೇಕು ಅಂತ ಮುನಿರಾಜಪ್ಪನ ಗಂಟಲವರೆಗೂ ಬಂದಿತ್ತು. ಹೇಳಿದರೆ ಮಾತು ಹತ್ತು ಕಿವಿಗೆ ಬೀಳುತ್ತದೆ, ಹನ್ನೊಂದನೆಯದು ಶ್ರೀನಾಥನದು. ಕಂಡಿ ಮುಚ್ಚುತ್ತದೆ, ತನ್ನ ಕೈಯ ಗೇಟಿನ ಬೀಗದಕೈ ಹೋಗುತ್ತದೆ, ಮುನಿವೆಂಕಟಮ್ಮ ಒಬ್ಬಳೇ ಆಗುತ್ತಾಳೆ. ಅದಕ್ಕೇ ನುಂಗಿಕೊಂಡ.

ಆಫೀಸಿನಲ್ಲಿ ಶ್ರೀನಾಥ್ ಎದ್ದು ನಿಂತು ಬರಮಾಡಿಕೊಂಡ. ಮೂರು ವರ್ಷದಲ್ಲಿ ಹಾಗೆ ಎದ್ದದ್ದು ಅದೇ ಮೊದಲು.

"ಬನ್ನಿ ಮುನಿರಾಜಪ್ಪನೋರೇ, ಬನ್ನಿ. ಕಾಫಿ ತಗೊಳ್ಳಿ. ಕಾರ್ಡ್ ಆಮೇಲೆ ನೋಡೋಣ. ಧನುಶ್ರೀ, ಆ ರಿಪೋರ್ಟ್ ಓಪನ್ ಮಾಡಿ, ಇವ್ರಿಗೂ ತೋರ್ಸೋಣ. ಎಲ್ಲಾ ಇವ್ರದ್ದೇ ಕೆಲಸ ತಾನೆ!"

ಗೋಡೆಯ ದೊಡ್ಡ ಟೀವಿಯ ಮೇಲೆ ನಾಲ್ಕನೇ ಕ್ಯಾಮೆರಾದ ಚಿತ್ರಗಳು ಸರಿದವು. ಹುಲ್ಲು ಬೆಳೆದ ಗುಡ್ಡೆ, ಮಳೆಗೆ ಕುಸಿದ ಗುಡ್ಡೆ, ಗುಡ್ಡೆಯ ಮೇಲೆ ಮೊಲ, ಗುಡ್ಡೆಯ ಪಕ್ಕ ನರಿ. ಹೊಸದಾಗಿದ್ದಾಗ ಎದೆಯುಬ್ಬಿಸಿಕೊಂಡಂತಿದ್ದ ಮಣ್ಣು ಈಗ ಒಂದು ಗೇಣೂ ಇರಲಿಲ್ಲ. ಮುನಿರಾಜಪ್ಪ ಕಾಫಿ ಕುಡಿಯುವುದನ್ನು ಮರೆತ.

"ಕೇಳಿ" ಎಂದ ಶ್ರೀನಾಥ್. "ಸೋಮವಾರ ಸರ್ವೆ ಇದೆ. ನಿಮ್ ಕಾಲೋನಿಯೋರು ಅದು ಸ್ಮಶಾನ ಅಂತ ಅರ್ಜಿ ಹಾಕಿದಾರೆ. ವರ್ಷಾನುಗಟ್ಲೆ ಪೂಜೆ ಮಾಡ್ಕೊಂಡ್ ಬಂದಿದೀವಿ, ಇವತ್ತಿಗೂ ಮಾಡ್ತೀವಿ ಅಂತಾರೆ. ನಾವೇನ್ ಹೇಳ್ತೀವಿ? ಮೂರು ವರ್ಷ, ಆರು ಕ್ಯಾಮೆರಾ, ನಲವತ್ತೊಂದು ಸಾವಿರ ಫೋಟೋ. ಹಗಲು ರಾತ್ರಿ. ಮೊದಲ್ನೇ ತಿಂಗ್ಳು ಅತಿಕ್ರಮ ಮಾಡಿದ ಆ ಹೆಂಗಸನ್ನ ಬಿಟ್ರೆ ಒಬ್ಬನೇ ಒಬ್ಬ ಮನುಷ್ಯ ಬಂದಿಲ್ಲ! ಇದಕ್ಕಿಂತ ಸಾಕ್ಷಿ ಬೇಕಾ?"

ಮುನಿರಾಜಪ್ಪ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟ. ಜಯಮಾಲಾಳ ಕಾಲುಂಗುರ, ಕೆಂಪರಾಜನ ಊರುಗೋಲು, ಯಮುನಾಳ ಮೇಣದ ಬತ್ತಿ, ಒಂದೊಂದನ್ನೂ ಅವನು ತನ್ನ ಬೆರಳಿನಿಂದಲೇ ಒತ್ತಿ ಇಲ್ಲವಾಗಿಸಿದ್ದ. ಬೇಲಿ ಹಾಕಿದವರು ಬದುಕಿದ್ದವರನ್ನಷ್ಟೇ ಹೊರಗಿಟ್ಟಿದ್ದರು. ಅಲ್ಲಿಗೆ ಯಾರೂ ಬರಲೇ ಇಲ್ಲ, ಆ ಸತ್ತವರಿಗೆ ಯಾರೂ ಇರಲೇ ಇಲ್ಲ ಎಂದು ಬರೆದುಕೊಟ್ಟವನು ತಾನು.

"ಸರ್, ಒಂದು ವಿಷಯ" ಎಂದಳು ಧನುಶ್ರೀ, ತಗ್ಗಿದ ದನಿಯಲ್ಲಿ. "ಕ್ಯಾಮೆರಾ ಫೋಟೋಗಳಿಗೆ ಸಾಲಾಗಿ ನಂಬರ್ ಹಾಕುತ್ತೆ. ನಾಲ್ಕನೇದ್ರಲ್ಲಿ ತುಂಬಾ ಕಡೆ ನಂಬರ್ ಹಾರಿದೆ. ಮಧ್ಯ ಮಧ್ಯ ಇಲ್ಲ."

"ಬ್ಯಾಟರಿ ಪ್ರಾಬ್ಲಮ್ ಅಂತ ಬರೀರಿ."

"ಹಬ್ಬದ ದಿನಗಳಲ್ಲೇ ಹಾರಿದೆ ಸರ್."

ಶ್ರೀನಾಥ್ ಅವಳ ಮುಖ ನೋಡಿದ. ಆಮೇಲೆ ಮುನಿರಾಜಪ್ಪನ ಸೊಂಟದ ಸಂಚಿ ನೋಡಿದ. "ಹೋದ ಭಾನುವಾರ ಪಿತೃಪಕ್ಷದ ಅಮಾವಾಸ್ಯೆ, ಅಲ್ವಾ? ಆ ಕಾರ್ಡ್ ಹಾಕಿ ನೋಡೋಣ."

ಮುನಿರಾಜಪ್ಪ ತಾನೇ ಎದ್ದು ನಾಲ್ಕನೇ ಕಾರ್ಡು ಹಾಕಿದ. ತೆರೆಯ ಮೇಲೆ ಭಾನುವಾರದ ಹಗಲು ತೆರೆದುಕೊಂಡಿತು. ಮೊದಲು ಅವನದೇ ಕಾಲು, ಆಮೇಲೆ ಎಡೆ ಇಡಲು ಬಾಗಿದ ಅವನ ಬೋಳುತಲೆ. ಮಧ್ಯಾಹ್ನದ ಹೊತ್ತಿಗೆ ಕಾಲುಗಳು ಬಂದವು. ಒಂದು ಜೊತೆ, ಮೂರು ಜೊತೆ, ಹನ್ನೆರಡು ಜೊತೆ. ಕಾಲುಂಗುರದವು, ಊರುಗೋಲಿನವು, ಮೈ ಬಗ್ಗಿಸಿ ಹಾಲು ಎರೆಯುವ ಕೈಗಳು. ಜಯಮಾಲಾ ತನ್ನ ಗಂಡನ ಗುಡ್ಡೆಗೆ ಎರೆದು ಉಳಿದ ಹಾಲನ್ನು ಮುನಿವೆಂಕಟಮ್ಮನ ಗುಡ್ಡೆಗೂ ಎರೆಯುತ್ತಿದ್ದಳು. ಅವಳ ಹಿಂದೆ ಬರಿಗಾಲಲ್ಲಿ ನಿಂತಿದ್ದ ಯಮುನಾ ಮೊಣಕಾಲೂರಿ, ಮುನಿವೆಂಕಟಮ್ಮನ ತಲೆಯ ಕಡೆ ಎರಡನೇ ಮೇಣದ ಬತ್ತಿ ಹಚ್ಚಿದ್ದಳು. ಕೆಳಗೆ ತಾರೀಕು, ಗಂಟೆ, ಕಪ್ಪು ಚಂದ್ರ.

ಇಂಥ ಹಬ್ಬಗಳು ಮೂರು ಆಗಿದ್ದವು. ಅಳಿಸದೆ ಉಳಿದಿದ್ದುದು ಇದೊಂದೇ.

ಶ್ರೀನಾಥನ ಮುಖದ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ಮೆಲ್ಲಗೆ ನಗು ಹರಡಿತು.

"ಅಯ್ಯೋ ಗುರುವೇ! ಮೂರು ವರ್ಷದಿಂದ ಇದನ್ನಾ ನೀವು ಕ್ಲೀನ್ ಮಾಡ್ತಿದ್ದಿದ್ದು? ನಮ್ ಲಾಯರ್ ಕೈಲಿ ಆಗದೇ ಇರೋ ಕೆಲಸ ನೀವ್ ಮಾಡ್ಬಿಟ್ಟಿದೀರಲ್ರೀ!" ಮೇಜಿನ ಮೇಲಿನ ಒಂದು ಕಾಗದ ಮುಂದಕ್ಕೆ ತಳ್ಳಿದ. "ಇದನ್ನೂ ಹಂಗೇ ಕ್ಲೀನ್ ಮಾಡಿ. ಮಾಡಿ ಇಲ್ಲೊಂದು ಸೈನ್ ಹಾಕಿ."

ಕಾಗದ ಇಂಗ್ಲಿಷಿನಲ್ಲಿತ್ತು. "ಏನೈತೆ ಓದಿ ತಾಯಿ" ಎಂದ ಮುನಿರಾಜಪ್ಪ, ಧನುಶ್ರೀಯ ಕಡೆ ತಿರುಗಿ.

ಅವಳು ತೆಗೆದುಕೊಂಡು ಕನ್ನಡದಲ್ಲಿ ಹೇಳಿದಳು, ನಡುವೆ ಒಂದೆರಡು ಸಲ ನಿಂತು. "ನಾನು ಈ ಊರಿನಲ್ಲೇ ಹುಟ್ಟಿ ಬೆಳೆದ ನೀರುಗಂಟಿ. ನನಗೆ ಬುದ್ಧಿ ತಿಳಿದಾಗಿನಿಂದ ಈ ಜಾಗದಲ್ಲಿ... ಯಾರನ್ನೂ ಹೂಳಿದ್ದು ನಾನು ನೋಡಿಲ್ಲ."

"ಅಷ್ಟೇ. ಎರಡೇ ಲೈನು" ಎಂದ ಶ್ರೀನಾಥ್. "ಆ ಹೊಂಗೆಮರದ ಹತ್ರ ನಿಮ್ದೂ ಏನೋ ಇದೆ ಅಂತ ನಂಗೊತ್ತು ಮುನಿರಾಜಪ್ಪ. ಮಾತು ಕೊಡ್ತೀನಿ, ಅದೊಂದನ್ನ ಯಾರೂ ಮುಟ್ಟಲ್ಲ. ಬೇಕಾದ್ರೆ ಸುತ್ತ ಹೂವಿನ ಗಿಡ ಹಾಕ್ಸೋಣ. ನೀವು ಜೀವನಪೂರ್ತಿ ಬರ್ಬೋದು. ನೀವೊಬ್ರು."

ನೀವೊಬ್ರು. ಮುನಿರಾಜಪ್ಪ ತೆರೆಯ ಮೇಲಿನ ಆ ಎರಡನೇ ಮೇಣದ ಬತ್ತಿಯನ್ನೇ ನೋಡುತ್ತಿದ್ದ. ಕಾಲು ಗುರುತಿಸಿದೊಡನೆ ಅಳಿಸುತ್ತಿದ್ದ ಅವಸರದಲ್ಲಿ ಇದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೆಳಿಗ್ಗೆ ಅಷ್ಟು ಮಾತಾಡಿದವಳು ಇದೊಂದನ್ನು ಹೇಳಿರಲಿಲ್ಲ. ಮಾತು ಹತ್ತು ಕಿವಿಗೆ ಬೀಳುತ್ತದೆಂದು ಹೆದರಿ ಇವನು ಹೇಳಿರಲಿಲ್ಲ, ಇವನ ಮೇಲಿನ ಸಿಟ್ಟಿಗೆ ಅವಳು ಹೇಳಿರಲಿಲ್ಲ. ಮುನಿವೆಂಕಟಮ್ಮ ಒಬ್ಬಳೇ ಇರಲಿಲ್ಲ, ಎಂದೂ ಇರಲಿಲ್ಲ. ಒಂಟಿಯಾಗಿದ್ದವನು ಇವನು.

"ಯಾಕ್ ಯೋಚ್ನೆ? ಒಂದು ಬಟನ್ ಒತ್ತೋಕೆ? ಮೂರು ವರ್ಷ ಒತ್ತಿದೀರಲ್ಲ."

"ಒತ್ತಿದೀನಿ ಸಾರ್. ಅದು ನನ್ ತಪ್ಪು." ಮುನಿರಾಜಪ್ಪ ಕಾರ್ಡನ್ನು ಹೊರಕ್ಕೆಳೆದ. ಟೀವಿ ಕಪ್ಪಾಯಿತು. ಉಗುರಿನಷ್ಟಿದ್ದ ಅದನ್ನು ಸಂಚಿಯ ಒಳಮಡಿಕೆಗೆ, ಹೆಂಡತಿ ಲವಂಗ ಇಡುತ್ತಿದ್ದ ಪುಟ್ಟ ಜೇಬಿಗೆ ಹಾಕಿ ದಾರ ಬಿಗಿದ. ಗಂಟು ಎರಡನೇ ಸಲಕ್ಕೆ ಕೂತಿತು.

"ಏಯ್, ಏನ್ ಮಾಡ್ತಿದೀಯ? ಕಂಪನಿ ಪ್ರಾಪರ್ಟಿ ಅದು. ಕಳ್ಳತನದ ಕೇಸ್ ಹಾಕ್ಸ್ಲಾ? ಬೆಂಚ್ ಮೇಲೆ ಕೂರ್ಬೇಕಾ ನೀನೂ?"

"ಕೂರ್ತೀನಿ ಸಾರ್. ಜಯಮಾಲಾ ಕೂತಿದ್ದ ಬೆಂಚೇ ತಾನೆ."

ಶ್ರೀನಾಥ್ ಮೇಜು ಬಳಸಿ ಬಂದು ಕೈ ಚಾಚಿದ. "ಕಾರ್ಡ್ ಇಡು ಇಲ್ಲಿ. ಸೈನ್ ಮಾಡು."

ಮುನಿರಾಜಪ್ಪ ಚಾಚಿದ ಆ ಕೈಯನ್ನು ನೋಡಿದ, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿ ಪಂಚೆ ಬಿಗಿದುಕೊಂಡ.

"ಸಹಿ ಹಾಕಲ್ಲ. ಕಾರ್ಡೂ ಕೊಡಲ್ಲ" ಅಂದ.